ಹೊರಗೆ ಕೂರದ ತಿಂಗಳು

೧೪ ಡಿಸೆಂಬರ್ ೧೯೬೪, ಸೋಮವಾರ

ಬೆಳಗಿನ ಜಾವ ಹೊರಗಾದೆ. ಹಿತ್ತಲ ಜಗುಲಿಗೆ ಬಂದು ಚಾಪೆ ಹಾಸಿ ಕೂತಾಗ ಬಾಯಿಂದ ಮೊದಲು ಬಂದ ಮಾತು "ಸದ್ಯ" ಎಂದು. ಇನ್ನು ಮೂರು ದಿನ ಒಲೆಯ ಮುಂದೆ ಹೋಗುವಂತಿಲ್ಲ, ಬಾವಿ ನೀರು ಸೇದುವಂತಿಲ್ಲ, ಯಾರನ್ನೂ ಮುಟ್ಟುವಂತಿಲ್ಲ. ಬೇರೆ ಹೆಂಗಸರು ಇದನ್ನು ಶಿಕ್ಷೆ ಅನ್ನುತ್ತಾರೋ ಏನೋ, ನನಗಂತೂ ತಿಂಗಳಿಗೊಮ್ಮೆ ಸಿಗುವ ರಜೆ. ನಮ್ಮ ಯಜಮಾನರಿಗೆ ಆಫೀಸಿನಲ್ಲಿ ಭಾನುವಾರ ಉಂಟು. (ಅವರ ಹೆಸರು ಬರೆಯಲು ಕೈ ಬಾರದು, ಇಲ್ಲಿಯೂ "ಇವರು" ಎಂದೇ ಬರೆಯುತ್ತೇನೆ.) ಚೂಡಿಗೆ ಸ್ಕೂಲಿನಲ್ಲಿ ಭಾನುವಾರ ಉಂಟು. ನನ್ನ ಭಾನುವಾರ ಹೀಗೆ ಬರುತ್ತದೆ.

ಈ ಪುಸ್ತಕ ಚೂಡಿ ಐದನೇ ಕ್ಲಾಸಿನಲ್ಲಿ ಅರ್ಧ ಬರೆದು ಬಿಟ್ಟದ್ದು. ಚಾಪೆಯ ಸುರುಳಿಯೊಳಗೆ ಇಟ್ಟಿರುತ್ತೇನೆ. ನನ್ನ ಈ ಚಾಪೆಯನ್ನು ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ, ಬೇರೆ ಬೀಗ ಬೇಕಾಗಿಲ್ಲ. ಉಳಿದ ದಿನಗಳಲ್ಲಿ ಬರೆಯಲು ಪುರುಸೊತ್ತೂ ಇಲ್ಲ, ಬರೆಯುವಂಥದ್ದೂ ಇಲ್ಲ.

ಒಳಗೆ ಪಾತ್ರೆ ಬಿದ್ದ ಸದ್ದು. ಒಲೆಯ ಮುಂದೆ ಇರುವವಳು ಚೂಡಾಮಣಿ, ನನ್ನ ಒಬ್ಬಳೇ ಮಗಳು, ಹನ್ನೆರಡು ವರ್ಷ. ಅತ್ತೆಗೆ ಮಂಡಿ ನೋವು. ಕೂತರೆ ಏಳಲಾರರು, ಎದ್ದರೆ ಕೂರಲಾರರು. ಆದರೆ ಮಡಿ ಮಾತ್ರ ಒಂದಿಷ್ಟೂ ಸಡಿಲ ಬಿಡುವವರಲ್ಲ. ಚೂಡಿ ಇನ್ನೂ ದೊಡ್ಡವಳಾಗಿಲ್ಲ, ಹಾಗಾಗಿ ಅವಳು ತಣ್ಣೀರು ಸುರಿದುಕೊಂಡು ಒದ್ದೆ ಲಂಗದಲ್ಲೇ ಅಡಿಗೆ ಮಾಡಿದರೆ ಅತ್ತೆಗೆ ಊಟ ಸೇರುತ್ತದೆ. ಅವರು ಗೋಡೆಗೆ ಒರಗಿ ಕಾಲು ಚಾಚಿ ಕೂತು ಹೇಳಿಕೊಡುತ್ತಾರೆ.

"ಉಪ್ಪು ಇನ್ನೊಂದು ಚಿಟಿಕೆ ಹಾಕೇ. ಅಯ್ಯೋ, ಅಷ್ಟಲ್ಲ! ನಿಮ್ಮಮ್ಮ ಏನು ಕಲಿಸಿದಾಳೋ."

"ಅಜ್ಜಿ, ಸ್ಕೂಲಲ್ಲಿ ಬೆಲ್ ಹೊಡೆದುಬಿಡ್ತಾರೆ."

"ಹೊಡೀಲಿ. ಬೆಲ್ ತಿಂದ್ರೆ ಹೊಟ್ಟೆ ತುಂಬತ್ತಾ?"

ನನಗೆ ನಗು ಬಂತು. ಕಂಬಳಿ ಎಳೆದುಕೊಂಡು ಮಲಗಿದೆ.

೧೬ ಡಿಸೆಂಬರ್, ಬುಧವಾರ

ಮೂರು ದಿನವೂ ಚೂಡಿ ಸ್ಕೂಲಿಗೆ ಹೋಗಲಿಲ್ಲ. ಮೊದಲ ದಿನ ಹೊತ್ತಾಯಿತು. ನಿನ್ನೆ ಅನ್ನ ಬಸಿಯುವಾಗ ಗಂಜಿ ಕೈಮೇಲೆ ಬಿತ್ತು. ಇವತ್ತು, ಹೇಗಿದ್ದರೂ ಎರಡು ದಿನ ತಪ್ಪಿದೆಯಲ್ಲ ಎಂದು ಇವರೇ ಬೇಡವೆಂದರು. ಸಾಯಂಕಾಲ ಗೊತ್ತಾಯಿತು, ನಿನ್ನೆ ಗಣಿತ, ಇವತ್ತು ಇಂಗ್ಲಿಷು, ಅರ್ಧವಾರ್ಷಿಕ ಪರೀಕ್ಷೆ ಇತ್ತಂತೆ.

"ಯಾಕೆ ಹೇಳಲಿಲ್ವೇ?" ಎಂದೆ, ಜಗುಲಿಯಿಂದಲೇ.

"ಹೇಳಿದ್ರೆ ನೀನು ಏನ್ಮಾಡ್ತಿದ್ದೆ?" ಎಂದಳು. ಎದುರು ಮಾತಲ್ಲ, ನಿಜವಾಗಿ ಕೇಳಿದಳು.

ಸುಟ್ಟ ಕೈಗೆ ಎಣ್ಣೆ ಹಚ್ಚೋಣವೆಂದರೆ ಮುಟ್ಟುವಂತಿಲ್ಲ. ನಾಳೆ ತಲೆಗೆ ನೀರು ಹಾಕಿಕೊಂಡ ಮೇಲೆ ನೋಡಬೇಕು.

೧೨ ಜನವರಿ ೧೯೬೫, ಮಂಗಳವಾರ

ಸಂಕ್ರಾಂತಿಗೆ ಎರಡು ದಿನವಿರುವಾಗ ಕೂತಿದ್ದೇನೆ. "ಹಬ್ಬ ನೋಡಿಕೊಂಡೇ ಕೂರ್ತಾಳೆ," ಎಂದು ಅತ್ತೆ. ನನ್ನ ಕೈಯಲ್ಲಿರುವುದೇನೋ ಎಂಬಂತೆ. ಚೂಡಿ ಕೊಬ್ಬರಿ ಹೆಚ್ಚುತ್ತಿದ್ದಾಳೆ, ಬೆಲ್ಲ ಹೆಚ್ಚಬೇಕು, ಎಳ್ಳು ಹುರಿಯಬೇಕು, ನಮ್ಮ ಬ್ಲಾಕಿನ ಮನೆಮನೆಗೆ ಬೀರಬೇಕು.

ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆ ಏಪ್ರಿಲ್ ಐದಕ್ಕೆ ಶುರು ಎಂದು ಸ್ಕೂಲಿನಲ್ಲಿ ಹೇಳಿದ್ದಾರೆ. ಇವರು ಮಾತು ಕಡ್ಡಿ ಮುರಿದಂತೆ ಆಡಿಬಿಟ್ಟರು. "ಪಾಸಾದ್ರೆ ಹೈಸ್ಕೂಲಿಗೆ ಸೇರಿಸೋ ಮಾತು. ಫೇಲಾದ್ರೆ ಮನೇಲಿರಲಿ. ಅಮ್ಮನಿಗೂ ಆಗಲ್ಲ, ನಿನಗೂ ಕೈಗೊಬ್ಬರು ಬೇಕು." ಇವರು ಕೆಟ್ಟವರಲ್ಲ, ದಣಿದವರು. ಬಸ್ಸಿನಲ್ಲಿ ನಿಂತು ಬಂದವರ ಹತ್ತಿರ ವಾದ ಮಾಡಲು ನನಗೂ ತ್ರಾಣವಿಲ್ಲ.

ಚೂಡಿ ಜಾಣೆಯೇನಲ್ಲ. ಆದರೆ ಹೈಸ್ಕೂಲಿನ ಬೀರುವಿನಲ್ಲಿ ನಿಜವಾದ ಮನುಷ್ಯನ ಅಸ್ಥಿಪಂಜರ ಇದೆಯೆಂದು ಯಾರೋ ಹೇಳಿದ್ದಾರೆ. ಅದನ್ನು ನೋಡದೆ ಸಾಯುವುದಿಲ್ಲ ಎಂದು ಕೂತಿದ್ದಾಳೆ.

೧೩ ಜನವರಿ, ಬುಧವಾರ

ಒಂದು ಉಪಾಯ ಮಾಡಿದೆವು. ಮಡಿಯಲ್ಲಿದ್ದಾಗ ಚೂಡಿ ಪಠ್ಯಪುಸ್ತಕ ಮುಟ್ಟುವಂತಿಲ್ಲ. ಆದರೆ ನಾನು ಮುಟ್ಟಿದರೆ ಯಾರು ಕೇಳುತ್ತಾರೆ? ಪುಸ್ತಕ ಮೂರು ದಿನ ಒಳಗೆ ಹೋಗುವಂತಿಲ್ಲ, ಅಷ್ಟೆ. ನಾನು ಜಗುಲಿಯಲ್ಲಿ ಓದಿದೆ, ಅವಳು ಒಲೆಯ ಹತ್ತಿರದಿಂದ ಉತ್ತರ ಹೇಳಿದಳು. ನಾನು ಓದಿದ್ದು ನಾಲ್ಕನೇ ಕ್ಲಾಸು. ಲಾಭ–ನಷ್ಟದ ಲೆಕ್ಕ ನನಗೇ ಒಂದು ಗಂಟೆ ಹಿಡಿಯಿತು.

"ಅಸ್ಸಾಮಿನಲ್ಲಿ ಹರಿಯುವ ದೊಡ್ಡ ನದಿ ಯಾವುದು?"

"ಗೊತ್ತಿಲ್ಲಮ್ಮ. ಬೇಳೆ ಉಕ್ತಾ ಇದೆ."

"ಬ್ರಹ್ಮಪುತ್ರಾ ಅಂತ ಹೇಳೇ, ಬೆಳಗ್ಗೆ ತಾನೇ ಹೇಳಿಕೊಟ್ಟಳಲ್ಲ!" ಇದು ಅತ್ತೆಯ ದನಿ.

ಒಳಗೆ ಚೂಡಿ ಕಿಸಕ್ಕನೆ ನಕ್ಕಳು. ಆಮೇಲೆ ಅತ್ತೆ, "ಹುಳಿಗೆ ಕೊತ್ತಂಬರಿ ಹಾಕು," ಎಂದರು.

೮ ಫೆಬ್ರವರಿ, ಸೋಮವಾರ

ಸುಸ್ತು. ಬೆನ್ನು ಬಿದ್ದುಹೋಗಿದೆ. ಈ ಸಲ "ಸದ್ಯ" ಅನ್ನಿಸಲಿಲ್ಲ. ಹೊರಗಾದೆನೆಂದು ಗೊತ್ತಾದ ಕೂಡಲೇ, ಅಯ್ಯೋ, ಚೂಡಿಗೆ ಇವತ್ತು ಕ್ಲಾಸ್ ಟೆಸ್ಟ್ ಎಂದು ನೆನಪಾಯಿತು.

೯ ಫೆಬ್ರವರಿ, ಮಂಗಳವಾರ

ಚೂಡಿಯ ಕ್ಲಾಸ್ ಟೀಚರ್ ಜಯದೇವಿ ಮನೆಗೆ ಬಂದಿದ್ದರು. ಇವರು ಆಫೀಸಿನಲ್ಲಿ. ಮುಂದಿನ ಬಾಗಿಲಿಗೆ ನಾನು ಹೋಗುವಂತಿಲ್ಲ. ಪಾಪ, ಚಿಕ್ಕ ವಯಸ್ಸಿನವರು, ಮನೆ ಸುತ್ತಿ, ಪಕ್ಕದ ಸಂದಿಯಿಂದ ಹಿತ್ತಲಿಗೆ ಬಂದು, ಒಗೆಯುವ ಕಲ್ಲಿನ ಮೇಲೆ ಕೂತುಕೊಂಡರು.

"ಏನು ತಿಳ್ಕೋಬೇಡಿ ಅಮ್ಮ," ಎಂದರು. "ಚೂಡಾಮಣಿ ಪ್ರತಿ ತಿಂಗಳೂ ಮೂರು ದಿನ ಬರಲ್ಲ. ಅವಳೇ ದೊಡ್ಡವಳಾಗಿದಾಳೆ ಅಂತ ಸ್ಟಾಫ್ ರೂಮಲ್ಲಿ ಎಲ್ಲರೂ ಅಂದ್ಕೊಂಡಿದ್ವಿ. ಈಗ ನೋಡಿದ್ರೆ ನೀವು ಕೂತಿದೀರ."

ಅಡಿಗೆಮನೆಯೊಳಗೆ ಅತ್ತೆ, "ರಾಮ ರಾಮ! ಇನ್ನೂ ಆಗದ ಹುಡುಗೀನ ಊರೆಲ್ಲ ದೊಡ್ಡವಳು ಮಾಡಿಬಿಟ್ಟಿದಾರಲ್ಲ!" ಎಂದು ಕೂಗಿಕೊಂಡರು. ಜಯದೇವಿ ತುಟಿ ಕಚ್ಚಿ ನಗು ತಡೆದುಕೊಂಡರು. ಆಮೇಲೆ ನಗಲಿಲ್ಲ. ಕನ್ನಡ, ಸಮಾಜ ಪರವಾಗಿಲ್ಲ, ಲೆಕ್ಕದಲ್ಲಿ ಮಾತ್ರ ದಡ ಮುಟ್ಟುವುದು ಕಷ್ಟ, ಇನ್ನು ಒಂದು ದಿನವೂ ತಪ್ಪಬಾರದು ಎಂದರು.

"ನನ್ನಿಂದ ತಪ್ಪುತ್ತಿದೆ," ಎಂದೆ.

"ನಿಮ್ಮದೇನು ತಪ್ಪಮ್ಮ?" ಎಂದರು. ಅವರಿಗೆ ಒಂದು ಲೋಟ ನೀರು ಕೊಡಲೂ ನಾನು ಎದ್ದುಹೋಗುವಂತಿರಲಿಲ್ಲ.

ಡಿಸೆಂಬರಿನಲ್ಲಿ ನಾನು ಕಂಬಳಿ ಹೊದ್ದು ಮಲಗಿದ್ದು ಈ ಮಗುವಿನ ಹೊತ್ತನ್ನು ಕದ್ದು. ಇಷ್ಟು ದಿನ ಅದು ತಲೆಗೆ ಹೋಗಲಿಲ್ಲವಲ್ಲ.

೮ ಮಾರ್ಚ್, ಸೋಮವಾರ

ಕ್ಯಾಲೆಂಡರ್ ನೋಡುವ ಹಾಗೂ ಇಲ್ಲ, ನೋಡದೆ ಇರುವ ಹಾಗೂ ಇಲ್ಲ. ಮುಂದಿನ ಸಲ ಬರುವುದು ಸರಿಯಾಗಿ ಪರೀಕ್ಷೆ ಶುರುವಾಗುವ ದಿನ.

ಜಗುಲಿಯಿಂದಲೇ ಮಾತೆತ್ತಿದೆ. ಆ ಮೂರು ದಿನ ಹೇಗಾದರೂ ಒಂದು ಏರ್ಪಾಡು ಮಾಡಬೇಕು ಎಂದೆ.

"ನನಗೂ ಚೂಡಿಗೂ ಹೋಟೆಲಿಂದ ಇಡ್ಲಿ ತರ್ತೀನಿ. ಅಮ್ಮನಿಗೆ ಏನ್ಮಾಡೋದು?" ಎಂದರು ಇವರು.

"ನನ್ನ ಯೋಚನೆ ಬೇಡಪ್ಪ. ನಾನು ಉಪವಾಸ ಇರ್ತೀನಿ," ಎಂದರು ಅತ್ತೆ. ಕೋಪವಿಲ್ಲ, ಕುಹಕವಿಲ್ಲ. ನಿಜವಾಗಿಯೂ ಇದ್ದುಬಿಡುತ್ತಾರೆ, ಅದೇ ಕಷ್ಟ. ಹೋದ ವರ್ಷ ಏಕಾದಶಿಯ ಮಾರನೇ ದಿನ ತಲೆಸುತ್ತಿ ಬಿದ್ದವರನ್ನು ಮತ್ತೆ ಉಪವಾಸ ಕೆಡವಿ ಮಗಳನ್ನು ಪರೀಕ್ಷೆಗೆ ಕಳಿಸುವುದು ಹೇಗೆ? ಚೂಡಿಯೇ, "ಅಡಿಗೆ ಮಾಡಿಟ್ಟು ಓಡ್ತೀನಿ ಬಿಡಜ್ಜಿ," ಎಂದಳು. ಪರೀಕ್ಷೆಯ ಸೆಂಟರು ಬಸವನಗುಡಿಯಲ್ಲಿ. ಓಡುತ್ತಾಳಂತೆ.

೨೮ ಮಾರ್ಚ್, ಭಾನುವಾರ

ಹೊರಗಾಗದೆ ಇರುವ ದಿನ ಈ ಪುಸ್ತಕ ತೆಗೆದದ್ದು ಇದೇ ಮೊದಲು. ಒಂದು ವಾರದಿಂದ ಎಳ್ಳು–ಬೆಲ್ಲ ಮುಕ್ಕುತ್ತಿದ್ದೇನೆ, ಪಕ್ಕದ ಮನೆಯ ಮರದ ಪರಂಗಿ ಹಣ್ಣು ಬೇಡಿ ತಂದು ತಿನ್ನುತ್ತಿದ್ದೇನೆ. ಉಷ್ಣವಾಗಿ ನಾಲ್ಕು ದಿನ ಮುಂಚೆ ಬಂದರೆ ಸಾಕು. ಬಾಯಲ್ಲಿ ಹುಣ್ಣಾಯಿತೇ ಹೊರತು ಬೇರೇನೂ ಆಗಲಿಲ್ಲ.

ಚೂಡಿ ಲೆಕ್ಕ ಮಾಡುತ್ತ ಹಲಗೆಯ ಮೇಲೆಯೇ ನಿದ್ದೆ ಹೋಗಿದ್ದಾಳೆ. ಬಡ್ಡಿ ಲೆಕ್ಕ ಈಗ ಬರುತ್ತದೆ. ನನಗೂ ಬರುತ್ತದೆ.

೫ ಏಪ್ರಿಲ್, ಸೋಮವಾರ

ಆಯಿತು. ಯಾರಿಗೂ ಹೇಳಲಿಲ್ಲ.

ಎದ್ದು ಗೊತ್ತಾದ ಮೇಲೆ ಬಾವಿಯ ಕಟ್ಟೆ ಹಿಡಿದು ಸ್ವಲ್ಪ ಹೊತ್ತು ನಿಂತೆ. ಆಮೇಲೆ ನಿತ್ಯದಂತೆ ನೀರು ಸೇದಿದೆ, ಸ್ನಾನ ಮಾಡಿದೆ, ಒಲೆ ಹಚ್ಚಿದೆ. ದೇವರ ಮನೆಯ ಹೊಸಿಲು ಮಾತ್ರ ದಾಟಲು ನನ್ನಿಂದಾಗಲಿಲ್ಲ. ಒಲೆ ಬಿಟ್ಟು ಬರಲಾರೆ, ನೀವೇ ದೀಪ ಹಚ್ಚಿ ಎಂದು ಇವರಿಗೆ ಹೇಳಿದೆ. ಚೂಡಿ ಎರಡು ಜಡೆ ಹಾಕಿಸಿಕೊಂಡು, ಅನ್ನ–ಮೊಸರು ಉಂಡು, ಅಜ್ಜಿಗೆ ನಮಸ್ಕಾರ ಮಾಡಿ ಹೊರಟಳು. ಓಡಲಿಲ್ಲ, ನಡೆದುಕೊಂಡು ಹೋದಳು. ಅದನ್ನು ಬಾಗಿಲಲ್ಲಿ ನಿಂತು ನೋಡಿದೆ.

ಮಧ್ಯಾಹ್ನ ಅತ್ತೆಗೆ ಎಲೆ ಹಾಕಿ ಬಡಿಸಿದೆ. "ಇವತ್ತು ಹುಳಿ ಚೆನ್ನಾಗಿದೆ ಕಣೇ," ಎಂದು ಎರಡನೇ ಸಲ ಹಾಕಿಸಿಕೊಂಡರು. ನಾನು ಹಿತ್ತಲಿಗೆ ಬಂದು ಅತ್ತುಬಿಟ್ಟೆ. ಪಾಪ ಬಂದರೆ ನನಗೆ ಬರಲಿ, ಅವರಿಗಲ್ಲ.

೭ ಏಪ್ರಿಲ್, ಬುಧವಾರ

ಗಣಿತ ಇವತ್ತು. ಬರೆದು ಬಂದಳು. ಬಡ್ಡಿ ಲೆಕ್ಕ ಬಂದಿತ್ತಂತೆ.

ಮೂರನೇ ದಿನವೂ ಕಳೆಯಿತು. ಮಲಗುವ ಮೂರು ದಿನವನ್ನು ನಿಂತುಕೊಂಡೇ ಕಳೆದದ್ದಕ್ಕೆ ಸೊಂಟ ಎರಡು ಹೋಳಾಗಿದೆ. ಬರೆಯಲಾರೆ.

೧೪ ಏಪ್ರಿಲ್, ಬುಧವಾರ

ಪರೀಕ್ಷೆ ಮುಗಿದು ನಾಲ್ಕು ದಿನವಾಯಿತು. ಎಲ್ಲ ದಾಟಿದೆ ಎಂದುಕೊಂಡಿದ್ದೆ. ಇವತ್ತು ಅಕ್ಕಿ ಆರಿಸುತ್ತಿದ್ದಾಗ ಅತ್ತೆ ಗೋಡೆ ಹಿಡಿದುಕೊಂಡು ಬಂದು ನನ್ನೆದುರು ನಿಂತರು.

"ಸೀತಾ, ಐದನೇ ತಾರೀಖಿಗೆ ನೀನು ಕೂರಬೇಕಿತ್ತು. ಮಗು ಪರೀಕ್ಷೆ ಹೇಗಾಗತ್ತೋ ಅಂತ ನಾನು ಪ್ರಾಣ ಕೈಯಲ್ಲಿ ಹಿಡ್ಕೊಂಡಿದ್ದೆ. ನೀನು ಕೂರಲೇ ಇಲ್ಲ."

ಸಿಕ್ಕಿಬಿದ್ದೆ ಎಂದುಕೊಂಡೆ. ತಲೆ ಎತ್ತಿ ನೋಡಿದರೆ ಅವರ ಕಣ್ಣಲ್ಲಿ ನೀರು.

"ಹನ್ನೆರಡು ವರ್ಷ ಆದ್ಮೇಲೆ! ಆ ತಾಯಿ ಬನಶಂಕರಿ ಕಣ್ಣು ಬಿಟ್ಟಳು ನೋಡು," ಎಂದು ನನ್ನ ಮುಖಕ್ಕೆ ನಿವಾಳಿಸಿ ನೆಟಿಗೆ ಮುರಿದರು.

ಅಯ್ಯೋ ದೇವರೇ. ಎಲ್ಲ ಯೋಚಿಸಿದೆ, ಬಟ್ಟೆ ಎಲ್ಲಿ ಒಣಗಿಸಬೇಕು ಎಂಬುದರವರೆಗೆ ಯೋಚಿಸಿದೆ, ಇದೊಂದು ಹೊಳೆಯಲಿಲ್ಲ. ಹೊರಗೆ ಕೂರದ ಸೊಸೆ ಬಸುರಿ ಎಂದು ಯಾವ ಅತ್ತೆಗಾದರೂ ಅನ್ನಿಸುತ್ತದೆ. ಇಲ್ಲ ಎಂದರೆ, ಮತ್ತೆ ಯಾಕೆ ಕೂರಲಿಲ್ಲ ಎಂದು ಕೇಳುತ್ತಾರೆ. ಅಕ್ಕಿಯ ಮೊರದ ಮೇಲೆ ತಲೆ ತಗ್ಗಿಸಿದೆ. ನಾಚಿಕೆ ಎಂದುಕೊಂಡರು.

೨೨ ಏಪ್ರಿಲ್, ಗುರುವಾರ

ಅತ್ತೆ ನನ್ನನ್ನು ನೀರು ಸೇದಲು ಬಿಡುತ್ತಿಲ್ಲ. ಪರಂಗಿ ಹಣ್ಣಿನ ಹೆಸರೆತ್ತಿದರೆ ಕೆನ್ನೆ ಕೆನ್ನೆ ಬಡಿದುಕೊಳ್ಳುತ್ತಾರೆ. ಬೆಳಗ್ಗೆ ಮಂಡಿ ಹಿಡಿದುಕೊಂಡು, "ಅಮ್ಮಾ, ಅಪ್ಪಾ" ಎನ್ನುತ್ತ ಒಲೆಯ ಮುಂದೆ ಕೂತು ತಾವೇ ಅಡಿಗೆ ಮಾಡುತ್ತಾರೆ. ಏಳುವಾಗ ಚೂಡಿ ಒಂದು ಕಡೆ, ಇವರು ಒಂದು ಕಡೆ ಹಿಡಿದೆತ್ತಬೇಕು. ಇವರು ನನ್ನ ಹತ್ತಿರ ಏನೂ ಕೇಳಲಿಲ್ಲ. ಆದರೆ ನಿನ್ನೆ ಬರುವಾಗ ಗಾಂಧಿಬಜಾರಿನಿಂದ ಮಲ್ಲಿಗೆ ತಂದಿದ್ದರು.

ಮಧ್ಯಾಹ್ನ ಮಲಗು ಎನ್ನುತ್ತಾರೆ. ಮಲಗುತ್ತೇನೆ. ನಾಚಿಕೆಗೆಟ್ಟವಳಂತೆ ನಿದ್ದೆಯೂ ಬರುತ್ತದೆ. ಮದುವೆಯಾಗಿ ಬಂದ ಮೇಲೆ ಹೀಗೆ ಮಲಗಿದ್ದು ನೆನಪಿಲ್ಲ. ಎದ್ದ ಮೇಲೆ ಅತ್ತೆಯ ಮುಖ ನೋಡಲಾರೆ.

೩ ಮೇ, ಸೋಮವಾರ

ಮತ್ತೆ ಹಿತ್ತಲ ಜಗುಲಿ. ಈ ಸಲ ಮುಚ್ಚಿಡಲು ಮನಸ್ಸು ಬರಲಿಲ್ಲ. ಇನ್ನೊಂದು ತಿಂಗಳು, ಮತ್ತೊಂದು ತಿಂಗಳು ಎಂದು ಎಲ್ಲಿಯವರೆಗೆ?

ಚಾಪೆ ಹಾಸಿದ್ದು ನೋಡಿ ಅತ್ತೆ ಅಡಿಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟರು. ಬೈಯಲಿಲ್ಲ, ಅಳಲಿಲ್ಲ. ಮೆಟ್ಟಿಲಿಳಿದು ಬಂದು, ಎರಡು ಕೈ ಊರಿ, ನನ್ನ ಚಾಪೆಯ ಮೇಲೆಯೇ ಕೂತರು. ತಲೆ ಸವರಿದರು.

"ಅತ್ತೆ, ಮುಟ್ಟಬೇಡಿ."

"ಸುಮ್ನಿರೇ. ನಿನ್ನ ಗಂಡ ಹುಟ್ಟೋಕೆ ಮುಂಚೆ ನನಗೂ ಎರಡು ಬಸಿರು ಹೋಗಿದೆ. ಆಗ ಹಿತ್ತಲಲ್ಲಿ ಒಬ್ಬಳೇ ಬಿದ್ದಿದ್ದೆ. ಯಾರೂ ಹತ್ತಿರ ಬರಲಿಲ್ಲ."

ಅವರ ಕೈ ಬಿಸಿಯಾಗಿತ್ತು, ಬೆಳ್ಳುಳ್ಳಿ ಮುಟ್ಟದ ಕೈ, ಬರೀ ಇಂಗಿನ ವಾಸನೆ. ಹೇಳಲು ಬಾಯಿ ತೆರೆದೆ. ಆಗಲಿಲ್ಲ.

೪ ಮೇ, ಮಂಗಳವಾರ

ಹೇಳಿಬಿಟ್ಟೆ.

ನಿನ್ನೆಯಿಂದ ಅತ್ತೆ ಊಟ ಮಾಡಿರಲಿಲ್ಲ. ಇವರು ಎಷ್ಟು ಹೇಳಿದರೂ ಕೇಳದೆ, "ಪರೀಕ್ಷೆ ವಾರದಲ್ಲಿ ಕೊಡ ಕೊಡ ನೀರು ಹೊತ್ತಳು. ನಾನು ನೋಡ್ಕೊಂಡು ಕೂತಿದ್ದೆ. ನನ್ನ ಹೊಟ್ಟೆ ನನಗೆ ದೊಡ್ಡದಾಯ್ತು," ಎನ್ನುತ್ತ ಕೂತಿದ್ದರು. ಇವರು ಆಫೀಸಿಗೆ ಹೋದ ಮೇಲೆ ಅತ್ತೆಯನ್ನು ಕರೆದೆ.

"ಏನೂ ಹೋಗಿಲ್ಲ ಅತ್ತೆ. ಇದ್ದರೆ ತಾನೆ ಹೋಗೋಕೆ. ಆ ತಿಂಗಳೂ ನಾನು ಹೊರಗಾಗಿದ್ದೆ. ಚೂಡಿ ಪರೀಕ್ಷೆಗೋಸ್ಕರ ಮುಚ್ಚಿಟ್ಟೆ."

ಕೂತಲ್ಲೇ ನನ್ನ ಕಡೆ ತಿರುಗಿದರು.

"ಮೂರು ದಿನವೂ?"

"ಮೂರು ದಿನವೂ."

"ನನಗೆ ಬಡಿಸಿದ್ದು?"

"ನಾನೇ."

"ದೇವರ ಮನೆ?"

"ಹೊಸಿಲು ದಾಟಲಿಲ್ಲ."

ಎದ್ದರು. ಹಿಡಿದೆತ್ತಲು ಯಾರೂ ಇರಲಿಲ್ಲ, ಗೋಡೆ ತಬ್ಬಿಕೊಂಡು ತಾವೇ ಎದ್ದರು. ಬಾವಿಯ ಹತ್ತಿರ ಹೋಗಿ ತಲೆಯ ಮೇಲೆ ತಣ್ಣೀರು ಸುರಿದುಕೊಂಡರು. ಕೊಡದ ಮೇಲೆ ಕೊಡ. ನಾನು ಕಿವಿ ಮುಚ್ಚಿಕೊಂಡು ಕೂತೆ.

೯ ಮೇ, ಭಾನುವಾರ

ಸ್ನಾನವಾಗಿ ಒಳಗೆ ಬಂದಿದ್ದೇನೆ. ಅತ್ತೆ ನನ್ನ ಹತ್ತಿರ ಮಾತಾಡುತ್ತಿಲ್ಲ. ನಾನು ಮಾಡಿದ್ದನ್ನು ಮುಟ್ಟುತ್ತಲೂ ಇಲ್ಲ. ತಮ್ಮದೊಂದು ಹಿಡಿ ಅನ್ನ ತಾವೇ ಬೇಯಿಸಿಕೊಳ್ಳುತ್ತಾರೆ. ಪುರೋಹಿತರನ್ನು ಕರೆಸಿ ಪಂಚಗವ್ಯ ತೆಗೆದುಕೊಂಡರು. ಇದೆಲ್ಲ ಯಾಕಮ್ಮ ಎಂದು ಇವರು ಕೇಳಿದರೆ, "ವಯಸ್ಸಾಯ್ತು, ಇರಲಿ ಅಂತ," ಎಂದರು.

ಇವರಿಗೆ ಹೇಳಿಲ್ಲ. ಹೇಳಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ. ಬೈಸಿಕೊಂಡರೆ ಮುಗಿಯುತ್ತಿತ್ತು.

೧೭ ಮೇ, ಸೋಮವಾರ

ಸ್ಕೂಲಿನ ಬೋರ್ಡಿನಲ್ಲಿ ನಂಬರು ಬಂದಿದೆ. ಚೂಡಿ ಪಾಸು. ಜಯದೇವಿ ಟೀಚರ್ ಬಾಗಿಲಿಗೇ ಬಂದು ಹೇಳಿ, ಸಕ್ಕರೆ ಬಾಯಿಗೆ ಹಾಕಿಸಿಕೊಂಡು ಹೋದರು. ಲೆಕ್ಕದಲ್ಲಿ ಕೂದಲೆಳೆಯಲ್ಲಿ ದಾಟಿದ್ದಾಳೆ. ದಾಟಿದ್ದಾಳಲ್ಲ.

ಸಾಯಂಕಾಲ ಇವರು ಸಂತೋಷಪಟ್ಟರು, ಆಮೇಲೆ ಮೆಲ್ಲಗೆ ರಾಗ ಎಳೆದರು. "ಪಾಸೇನೋ ಆದಳು. ಆದ್ರೆ ಅಮ್ಮನ ಮಂಡಿ ನೋಡಿದ್ರೆ... ಇವಳಿಗೂ ಮೈ ಸರಿಯಿಲ್ಲ. ಒಂದು ವರ್ಷ ಮನೇಲಿರಲಿ, ಆಮೇಲೆ ನೋಡೋಣ." ಚೂಡಿ ಅಲ್ಲೇ ನಿಂತಿದ್ದಳು. ಅವಳ ಬಾಯಲ್ಲಿ ಸಕ್ಕರೆ ಇನ್ನೂ ಕರಗಿರಲಿಲ್ಲ. ನಾನು ಏನಾದರೂ ಹೇಳಬೇಕು. ಆದರೆ ಈ ಮನೆಯಲ್ಲಿ ಯಾವ ಮುಖ ಇಟ್ಟುಕೊಂಡು ಹೇಳಲಿ?

"ನೋಡಪ್ಪ," ಎಂದರು ಅತ್ತೆ. "ಅವಳನ್ನ ಹೈಸ್ಕೂಲಿಗೆ ಸೇರಿಸು."

"ತಿಂಗಳಿಗೆ ಮೂರು ದಿನ ನಿನಗೆ ಯಾರಮ್ಮ ಬೇಯಿಸಿ ಹಾಕ್ತಾರೆ?"

"ನಾನೇ ಬೇಯಿಸ್ಕೋತೀನಿ. ಈ ಪಾಸಿಗೆ ನನ್ನ ಐವತ್ತು ವರ್ಷದ ಮಡಿ ಹೋಗಿದೆ. ಅದು ದಂಡ ಆಗಬಾರದು."

ಇವರು ತಲೆಬುಡ ತಿಳಿಯದೆ ನನ್ನ ಮುಖ ನೋಡಿದರು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಲೆಯ ಕಡೆ ತಿರುಗಿದೆ. ಬೆನ್ನ ಹಿಂದೆ ಅತ್ತೆ ಬಂದು ನಿಂತದ್ದು ಗೊತ್ತಾಯಿತು. ಆವತ್ತಿನಿಂದ ನನ್ನೊಡನೆ ಆಡಿದ ಮೊದಲ ಮಾತು ಇದು.

"ಈ ಒಲೆಯನ್ನ ಎತ್ತರಕ್ಕೆ ಕಟ್ಟಿಸು ಅಂತ ಹೇಳು ಅವನಿಗೆ. ನನ್ನ ಸೊಂಟದ ಮಟ್ಟಕ್ಕೆ. ನಿಂತ್ಕೊಂಡಾದ್ರೆ ನಾನು ಮಾಡಬಲ್ಲೆ."